ಅವ್ವಗೆ, ಅಪ್ಪನ ಕಾಲಿನ ವಿಷಯ

ಅವ್ವ,

ನಮಸ್ಕಾರ. ನಾನು ಆರಾಮ ಇದ್ದೇನೆ. ಮಂಜು ಕೈಲಿ ನೀನು ಬರೆಸಿದ ಪತ್ರ ಸಿಕ್ಕಿತು. ಫೋನಿನಲ್ಲಿ ಕೇಳಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ನೀನು ಬಾಯಿ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಡಿ ಊರು ಅಂತ ನೀನು ಸುಮ್ನೆ ಹೆದರುತ್ತೀಯ. ಇಲ್ಲಿ ನದಿಯ ಈ ದಂಡೆ ಅಮೆರಿಕದ ಎಲ್ ಪಾಸೊ, ಆ ದಂಡೆ ಮೆಕ್ಸಿಕೊದ ಹ್ವಾರೆಸ್. ಬೆಳಿಗ್ಗೆ ಸೇತುವೆ ಮೇಲೆ ಕಾಲೇಜು ಹುಡುಗರು, ಕೆಲಸಕ್ಕೆ ಬರುವ ಹೆಂಗಸರು ಪಾಳಿ ಹಚ್ಚಿರುತ್ತಾರೆ. ಈ ಕಡೆಯವರು ಹಲ್ಲು ತೋರಿಸಲು, ಔಷಧಿ ತರಲು ಆ ಕಡೆ ನಡೆದು ಹೋಗುತ್ತಾರೆ, ಅಲ್ಲಿ ಖರ್ಚು ಕಡಿಮೆ. ಅಪ್ಪನಿಗೆ ಇದೊಂದು ಹೇಳು. ಹಿಂದೆ ಈ ನದಿ ದಿಕ್ಕು ಬದಲಿಸಿ ಹರಿದದ್ದಕ್ಕೆ, ನಮ್ಮ ಹಳ್ಳದ ಬದುವಿನ ಜಗಳದ ಹಾಗೆಯೇ, ಎರಡು ದೇಶ ಸುಮಾರು ನೂರು ವರ್ಷ ಜಗಳವಾಡಿ 1963ರಲ್ಲಿ ಒಪ್ಪಂದ ಮಾಡಿಕೊಂಡವು. ಆಮೇಲೆ ನದಿಗೇ ಕಾಂಕ್ರೀಟ್ ಕಾಲುವೆ ಕಟ್ಟಿದರು!

ಊಟಕ್ಕೂ ತೊಂದರೆ ಇಲ್ಲ. ಗೋವಿನಜೋಳ ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ತೆಳ್ಳಗೆ ರೊಟ್ಟಿ ಮಾಡುತ್ತಾರೆ. ನಮ್ಮ ಕೆಂಪು ಪುಂಡಿಯನ್ನು ಒಣಗಿಸಿ ಶರಬತ್ತು ಮಾಡುತ್ತಾರೆ, ಅದಕ್ಕೆ ಹಮಾಯ್ಕಾ ಅನ್ನುತ್ತಾರೆ. ಮೊದಲ ಸಲ ಕುಡಿದಾಗ ನಿನ್ನ ಪುಂಡಿಪಲ್ಲೆ ನೆನಪಾಗಿ ಗಂಟಲು ಕಟ್ಟಿತು.

ಈಗ ಕಾಲಿನ ಮಾತು. ಪಕ್ಕದ ಮನೆ ಅಜ್ಜಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ನನ್ನನ್ನು ಮಿಹಾ ಅನ್ನುತ್ತಾರೆ, ಮಗಳೇ ಅಂತ. ದಿನಾ ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು, ನೆಲದ ಮೇಲೆ ಒಂದು ಸಣ್ಣ ಕನ್ನಡಿ ಇಟ್ಟು, ಅದರ ಮೇಲೆ ಪಾದ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ. ಬೆರಳ ಸಂದಿ ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಯಾಕೆ ಅಂತ ಕೇಳಿದೆ. ಅವರ ಅಣ್ಣನೂ ನೋವಿಲ್ಲ, ನೋವಿಲ್ಲ ಅಂತಲೇ ಇದ್ದರಂತೆ. ಕೊನೆಗೆ ಎರಡು ಬೆರಳು ತೆಗೆಸಬೇಕಾಯಿತಂತೆ.

ಅಪ್ಪನದೂ ಅದೇ ಮಾತು ಅಲ್ವಾ ಅವ್ವ? ಸಕ್ಕರೆ ಜಾಸ್ತಿ ಇದ್ದರೆ ಕಾಲು ಜೋಮು ಹಿಡಿದು, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲ ಅನ್ನುವುದೇ ನನಗೆ ಹೆದರಿಕೆ. ಮೂರು ವಾರದ ಗಾಯ ಇನ್ನೂ ಮಾಯ್ದಿಲ್ಲ. ಹತ್ತಿ ಬಿಡಿಸುವುದು ಮುಗಿಯಲಿ ಅನ್ನುತ್ತಾರಂತೆ. ಹತ್ತಿ ಹೋದರೆ ಹೋಗಲಿ. ಸೋಮವಾರವೇ ಮಂಜು ಹುಬ್ಬಳ್ಳಿಗೆ ಕರೆದುಕೊಂಡು ಹೋಗಲಿ. ಗಾಯಕ್ಕೆ ಅರಿಶಿನ ಮೆತ್ತಬೇಡ. ಬರಿಗಾಲಲ್ಲಿ ಹೊಲಕ್ಕೆ ಬಿಡಬೇಡ. ದುಡ್ಡು ಮಂಜು ಖಾತೆಗೆ ಹಾಕಿದ್ದೇನೆ, ಸಾಲದಿದ್ದರೆ ಇನ್ನೂ ಹಾಕುತ್ತೇನೆ. ನನಗೆ ಇಲ್ಲಿ ಏನೂ ಕಡಿಮೆ ಇಲ್ಲ, ನಿಜವಾಗಿ ಏನೂ ಇಲ್ಲ. ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ಮಲಗುತ್ತೇನೆ, ಒಂದು ನೆಗಡಿ ಸಹ ಬಂದಿಲ್ಲ.

ಡಾಕ್ಟರು ಏನಂದರು ಅಂತ ಅವತ್ತೇ ಮಂಜು ತಿಳಿಸಲಿ, ಎಷ್ಟು ಹೊತ್ತಾದರೂ ಸರಿ. ಬಸ್ಸು ಬಂತು. ವೈನಿಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ ಮಗಳು