ದಿರ್ಹಮ್ 25 ರೂಪಾಯಿ ಆಗುವವರೆಗೆ ಕಾಯಬೇಕೇ? ಶಾರ್ಜಾದ ಗೆಳೆಯನಿಗೊಂದು ಪತ್ರ

ಪ್ರಿಯ ಸದಾನಂದ,

ಈ ತಿಂಗಳು ಊರಿಗೆ ಕಳಿಸಬೇಕಾದ ಹಣವನ್ನು ದಿರ್ಹಮ್ 25 ರೂಪಾಯಿ ಮುಟ್ಟುವವರೆಗೆ ಹಿಡಿದಿಟ್ಟುಕೊಳ್ಳಲೇ ಎಂದು ಕೇಳಿದ್ದೀಯೆ. ನಿನ್ನ ಕೋಣೆಯವರೆಲ್ಲ ಹಾಗೆಯೇ ಮಾಡುತ್ತಿದ್ದಾರೆ, ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ರೇಟು ನೋಡುವುದೇ ಮೊದಲ ಕೆಲಸವಾಗಿದೆ ಎಂದೂ ಬರೆದಿದ್ದೀಯೆ. ಕಾಯಬೇಡ ಎಂಬುದು ನನ್ನ ಉತ್ತರ. ಆದರೆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ಕುಳಿತವನು ಕಾರಣ ಹೇಳದೆ ಬರಿಯ ಸಲಹೆ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ಇದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳುತ್ತಿರುವುದರಿಂದ, ನಿನ್ನ ಒಪ್ಪಿಗೆ ಪಡೆದು, ಎಲ್ಲರೂ ಓದುವಂತೆ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನೀನು ದಿನವೂ ನೋಡುತ್ತಿರುವುದು ನಿಜವಾಗಿ ದಿರ್ಹಮಿನ ದರವೇ ಅಲ್ಲ. ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಎಮಿರೇಟ್ಸ್ 1997ರಲ್ಲೇ ಕಟ್ಟುಹಾಕಿದೆ, ಇಂದಿಗೂ ಅದು ಕದಲಿಲ್ಲ. ಸೌದಿಯ ರಿಯಾಲ್ 1986ರಿಂದ ಡಾಲರಿಗೆ 3.75ರಲ್ಲಿ ನಿಂತಿದೆ. ಒಮಾನ್, ಕತಾರ್, ಬಹರೈನ್‌ಗಳ ಕಥೆಯೂ ಇದೇ. ಕುವೈತ್ ಮಾತ್ರ 2007ರಿಂದ ತನ್ನ ದಿನಾರನ್ನು ಹಲವು ಕರೆನ್ಸಿಗಳ ಒಂದು ಗುಂಪಿಗೆ ಹೊಂದಿಸಿಕೊಂಡಿದೆ, ಆ ಗುಂಪಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ಹೊರಗೆ ಹೇಳುವುದಿಲ್ಲ. ಆದ್ದರಿಂದ ದುಬೈಯಲ್ಲಿ ವ್ಯಾಪಾರ ಬಿದ್ದರೂ ಎದ್ದರೂ ನಿನ್ನ ರೇಟಿಗೆ ನೇರ ಸಂಬಂಧವಿಲ್ಲ. ಮುಂಬೈಯಲ್ಲಿ ಡಾಲರ್ ಎಷ್ಟು ರೂಪಾಯಿಗೆ ಕೈ ಬದಲಾಯಿಸಿತು ಎಂಬುದನ್ನು 3.6725ರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ನಿನ್ನ ದಿರ್ಹಮ್. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿದಾಗ ದಿರ್ಹಮ್ ಇಪ್ಪತ್ತನಾಲ್ಕೂವರೆಗೆ ಬಂದದ್ದು ಈ ಲೆಕ್ಕದಿಂದಲೇ.

ಒಂದು ಕಾಲದಲ್ಲಿ ಈ ರಗಳೆಯೇ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ಕೊಲ್ಲಿಯ ಕರಾವಳಿಯಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. ಅದಕ್ಕಾಗಿ ರಿಸರ್ವ್ ಬ್ಯಾಂಕು 1959ರಲ್ಲಿ ಪ್ರತ್ಯೇಕ ನೋಟುಗಳನ್ನೇ ಅಚ್ಚು ಹಾಕಿಸಿತ್ತು. 1966ರ ಜೂನಿನಲ್ಲಿ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿ, ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿದ ಮೇಲೆ ಅಲ್ಲಿ ಅದನ್ನು ಇನ್ನೂ ಬಳಸುತ್ತಿದ್ದ ಹೆಚ್ಚಿನ ರಾಜ್ಯಗಳು ಕೈಬಿಟ್ಟವು. ಎಮಿರೇಟ್ಸಿನ ದಿರ್ಹಮ್ ಬಂದದ್ದು 1973ರಲ್ಲಿ.

ಇನ್ನು ಡಾಲರ್ ಮತ್ತು ರೂಪಾಯಿಯ ನಡುವಿನ ದರ ಏಕೆ ಅಲುಗಾಡುತ್ತದೆ ಎಂಬ ಪ್ರಶ್ನೆ. 1993ರ ಮಾರ್ಚಿನಿಂದ ನಮ್ಮ ದರವನ್ನು ಮಾರುಕಟ್ಟೆಯೇ ನಿರ್ಧರಿಸುತ್ತಿದೆ. ಡಾಲರ್ ಬೇಕಾದವರು ಹೆಚ್ಚಾದ ದಿನ ಅದರ ಬೆಲೆ ಏರುತ್ತದೆ, ಮಾರುವವರು ಹೆಚ್ಚಾದ ದಿನ ಇಳಿಯುತ್ತದೆ, ಮಲ್ಪೆಯ ಬಂದರಿನಲ್ಲಿ ಬೆಳಗಿನ ಮೀನಿಗೆ ಏನಾಗುತ್ತದೋ ಹಾಗೆಯೇ. ಡಾಲರ್ ಬೇಕಾದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ತೈಲ ಕಂಪನಿಗಳು, ಏಕೆಂದರೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು. ಅವರ ಹಿಂದೆ ಚಿನ್ನ ತರಿಸುವವರು, ಯಂತ್ರ ತರಿಸುವವರು, ಮಕ್ಕಳನ್ನು ವಿದೇಶದಲ್ಲಿ ಓದಿಸುವವರು. ಡಾಲರ್ ತಂದು ಕೊಡುವವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿವೆ, ನಿನ್ನಂಥವರಿದ್ದೀರಿ. ನೀವೆಲ್ಲ ಸೇರಿ ಒಂದು ವರ್ಷದಲ್ಲಿ ಕಳಿಸುವ ಹಣ ನೂರು ಬಿಲಿಯನ್ ಡಾಲರನ್ನು ಎಂದೋ ದಾಟಿದೆ. ಹೊರದೇಶದಲ್ಲಿರುವವರಿಂದ ಇಷ್ಟು ಹಣ ಪಡೆಯುವ ದೇಶ ಜಗತ್ತಿನಲ್ಲಿ ಇನ್ನೊಂದಿಲ್ಲ.

ಆದರೆ ದಿನದಿನದ ಕುಣಿತಕ್ಕೆ ಕಾರಣ ಇವರಾರೂ ಅಲ್ಲ. ನಮ್ಮ ಶೇರು ಮತ್ತು ಸಾಲಪತ್ರಗಳಲ್ಲಿ ಹಣ ತೊಡಗಿಸಿರುವ ವಿದೇಶಿ ಹೂಡಿಕೆದಾರರು ಒಂದೇ ವಾರದಲ್ಲಿ ಬರಬಲ್ಲರು, ಒಂದೇ ವಾರದಲ್ಲಿ ಹೋಗಬಲ್ಲರು. 2013ರ ಮೇ ತಿಂಗಳಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ಮುಖ್ಯಸ್ಥ ಬೆನ್ ಬರ್ನಾಂಕಿಯವರು, ತಾವು ಮಾಡುತ್ತಿದ್ದ ಸಾಲಪತ್ರಗಳ ಖರೀದಿಯನ್ನು ಮುಂದೆ ಕಡಿಮೆ ಮಾಡಬಹುದು ಎಂದು ಸೂಚಿಸಿದ್ದಷ್ಟೇ. ಇನ್ನು ಅಲ್ಲಿ ಬಡ್ಡಿ ಏರುತ್ತದೆಂದು ಹೂಡಿಕೆದಾರರು ಇಲ್ಲಿಂದ ಹಣ ತೆಗೆಯತೊಡಗಿದರು, ಆಗ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68 ರೂಪಾಯಿ ದಾಟಿತು. ಇನ್ನೂ ಏರಲಿ ಎಂದು ಹಣ ಹಿಡಿದಿಟ್ಟು ಕುಳಿತವರಿಗೆ ಅಕ್ಟೋಬರಿನಲ್ಲಿ ಸಿಕ್ಕಿದ್ದು 61–62ರ ದರ. ಮೇಲೆ ರಿಸರ್ವ್ ಬ್ಯಾಂಕು ಇದೆ. ಅದು ತನ್ನ ಸಂಗ್ರಹದ ಡಾಲರನ್ನು ಮಾರಿ ಕುಸಿತದ ವೇಗವನ್ನು ತಗ್ಗಿಸುತ್ತದೆ, ಆದರೆ ಯಾವ ಮಟ್ಟದಲ್ಲಿ ನಿಲ್ಲಿಸುತ್ತೇನೆ ಎಂದು ಮೊದಲೇ ಸಾರುವುದಿಲ್ಲ. ಇಷ್ಟು ಕೈಗಳು ಎಳೆದಾಡುತ್ತಿರುವ ದರ ಮುಂದಿನ ಹದಿನೈದು ದಿನಗಳಲ್ಲಿ ಎಲ್ಲಿರುತ್ತದೆ ಎಂದು ನನ್ನ ವಿಭಾಗದಲ್ಲಿ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವರೂ ಧೈರ್ಯದಿಂದ ಹೇಳುತ್ತಿರಲಿಲ್ಲ. ನಿನ್ನ ಕೋಣೆಯವರು ಹೇಳುತ್ತಾರೆಂದರೆ ನನಗೆ ನಂಬಿಕೆ ಬರುವುದಿಲ್ಲ ಮಾರಾಯ.

ದೀರ್ಘಕಾಲದ ದಿಕ್ಕು ಮಾತ್ರ ಸ್ವಲ್ಪ ಸ್ಪಷ್ಟ. ನಮ್ಮಲ್ಲಿ ಬೆಲೆಯೇರಿಕೆಯನ್ನು ನೂರಕ್ಕೆ 4ರಲ್ಲಿ ಇಡಬೇಕೆಂಬ ಗುರಿಯಿದ್ದರೆ ಅಮೆರಿಕದಲ್ಲಿ ಆ ಗುರಿ 2. ಬೆಲೆಗಳು ಬೇಗ ಏರುವ ದೇಶದ ಹಣ ನಿಧಾನವಾಗಿ ಸವೆಯುತ್ತದೆ. 2005ರಲ್ಲಿ 44ರ ಆಸುಪಾಸಿನಲ್ಲಿದ್ದ ಡಾಲರ್ ಇಪ್ಪತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ ಎಂದರೆ ವರ್ಷಕ್ಕೆ ಸುಮಾರು ಮೂರೂವರೆ ಶೇಕಡಾ. ಅದೂ ನೇರ ಗೆರೆಯಲ್ಲಿ ಅಲ್ಲ. 2007ರ ಕೊನೆಯಲ್ಲಿ ಡಾಲರ್ 40ಕ್ಕಿಂತ ಕೆಳಗಿಳಿದಿತ್ತು.

ಈಗ ನಿನ್ನ ಪ್ರಶ್ನೆಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡು. ನಿನ್ನ ಮನೆಸಾಲಕ್ಕೆ ಬಡ್ಡಿ 9 ಶೇಕಡಾ ಎಂದುಕೊಳ್ಳೋಣ. ಆ ಸಾಲಕ್ಕೆ ಕಟ್ಟಬಹುದಾಗಿದ್ದ ಒಂದು ಲಕ್ಷ ರೂಪಾಯಿಯನ್ನು ಒಂದು ತಿಂಗಳು ತಡ ಮಾಡಿದರೆ 750 ರೂಪಾಯಿ ಬಡ್ಡಿ ಬೀಳುತ್ತದೆ. ದಿರ್ಹಮಿಗೆ ಇಪ್ಪತ್ತನಾಲ್ಕೂವರೆ ರೂಪಾಯಿಯಂತೆ ಒಂದು ಲಕ್ಷವೆಂದರೆ ಸುಮಾರು 4,080 ದಿರ್ಹಮ್. ಆ 750 ರೂಪಾಯಿ ಬರೀ ಸರಿದೂಗಬೇಕಾದರೂ ದಿರ್ಹಮ್ ಒಂದು ತಿಂಗಳಲ್ಲಿ 18 ಪೈಸೆ ಏರಬೇಕು, ಪ್ರತಿ ತಿಂಗಳೂ ಹಾಗೆಯೇ ಏರುತ್ತಿರಬೇಕು. ಇಪ್ಪತ್ತು ವರ್ಷಗಳ ಸರಾಸರಿಯಂತೆ ಅದು ತಿಂಗಳಿಗೆ ಏರುವುದು ಸುಮಾರು ಏಳು ಪೈಸೆ. ಸಾಲವಿಲ್ಲದವನಿಗೂ ಲೆಕ್ಕ ಬಹಳ ಬೇರೆಯಾಗುವುದಿಲ್ಲ, ಏಕೆಂದರೆ ಬೇಗ ಕಳಿಸಿದ ಹಣ ಇಲ್ಲಿ ಠೇವಣಿಯಲ್ಲಿ ಕುಳಿತು ಬಡ್ಡಿ ತರುತ್ತದೆ, ಅಲ್ಲಿ ಸಂಬಳದ ಖಾತೆಯಲ್ಲಿ ಬಿದ್ದಿರುವ ದಿರ್ಹಮಿಗೆ ಬಡ್ಡಿ ಇಲ್ಲವೆಂದೇ ಹೇಳಬೇಕು.

ನೀನು ಗಮನಿಸಬೇಕಾದ ಪೈಸೆಗಳು ಬೇರೆ ಕಡೆ ಇವೆ. ಮೊಬೈಲಿನಲ್ಲಿ ಕಾಣುವುದು ಬ್ಯಾಂಕುಗಳು ತಮ್ಮತಮ್ಮೊಳಗೆ ಕೋಟಿಗಟ್ಟಲೆ ವ್ಯವಹರಿಸುವ ದರ. ಅದು ನನಗೂ ನಿನಗೂ ಸಿಗುವುದಲ್ಲ. ನಾವು ಬೆಳಿಗ್ಗೆ ಗಿರಾಕಿಗಳಿಗೆಂದು ಕಾರ್ಡ್ ರೇಟು ಹಾಕುವಾಗ ನಮ್ಮ ಮಾರ್ಜಿನ್, ಅಂದರೆ ಲಾಭದ ಪಾಲು, ಅದರೊಳಗೇ ಸೇರಿರುತ್ತಿತ್ತು, ಅಲ್ಲಿ ಹಣ ಕಳಿಸಿಕೊಡುವ ಎಕ್ಸ್‌ಚೇಂಜಿನವರೂ ಹಾಗೆಯೇ ಮಾಡುತ್ತಾರೆ. ಉದಾಹರಣೆಗೆ ಒಬ್ಬನು 24.38ರ ರೇಟು ಕೊಟ್ಟು ಕಮಿಷನ್ ಇಲ್ಲ ಎನ್ನುತ್ತಾನೆ, ಪಕ್ಕದವನು 24.45 ಕೊಟ್ಟು 20 ದಿರ್ಹಮ್ ಹಿಡಿಯುತ್ತಾನೆ ಎಂದಿಟ್ಟುಕೊ. ನಾಲ್ಕು ಸಾವಿರ ದಿರ್ಹಮ್ ಕಳಿಸಿದರೆ ಮೊದಲನೆಯವನಲ್ಲಿ ಮನೆಗೆ ತಲುಪುವುದು 97,520 ರೂಪಾಯಿ, ಎರಡನೆಯವನಲ್ಲಿ 97,311. ಹತ್ತು ಸಾವಿರ ಕಳಿಸಿದರೆ ಅದೇ ಲೆಕ್ಕ ತಿರುಗುತ್ತದೆ, ಮೊದಲನೆಯವನಲ್ಲಿ 2,43,800, ಎರಡನೆಯವನಲ್ಲಿ 2,44,011. ಬೋರ್ಡಿನ ಮೇಲಿನ ರೇಟನ್ನೂ ನೋಡಬೇಡ, ಕಮಿಷನನ್ನೂ ನೋಡಬೇಡ, ಇಷ್ಟು ದಿರ್ಹಮ್ ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದೊಂದನ್ನೇ ಇಬ್ಬರು ಮೂವರಲ್ಲಿ ಕೇಳು. ಈ ಉಳಿತಾಯ ಖಚಿತ, ಪ್ರತಿ ತಿಂಗಳೂ ಸಿಗುವಂಥದ್ದು.

ರೂಪಾಯಿ ಬಿದ್ದದ್ದನ್ನು ಸಂಬಳ ಏರಿದಂತೆ ಸಂಭ್ರಮಿಸುವವರನ್ನು ಕಂಡರೆ ನನಗೆ ಸ್ವಲ್ಪ ಅಸಮಾಧಾನ. ರೂಪಾಯಿ ಬಿದ್ದರೆ ಆಮದಾಗುವ ಅಡುಗೆ ಎಣ್ಣೆ, ಇಂಧನ, ರಸಗೊಬ್ಬರಗಳಿಗೆ ದೇಶ ತೆರುವ ಬೆಲೆ ಏರುತ್ತದೆ. ಅದು ಇಂದಲ್ಲದಿದ್ದರೆ ನಾಳೆ ಬೆಲೆಯಾಗಿಯೋ ತೆರಿಗೆಯಾಗಿಯೋ ನಿನ್ನ ಮನೆಯವರ ತಲೆಯ ಮೇಲೂ ಬೀಳುತ್ತದೆ. ಸಿಕ್ಕ ಲಾಭದಲ್ಲಿ ಒಂದು ಪಾಲು ಹೀಗೆ ಹಿಂದಿರುಗಿಯೇ ಹೋಗುತ್ತದೆ. ಇನ್ನೂ ಅಪಾಯದ ಕೆಲಸವೆಂದರೆ ರೇಟು ಚೆನ್ನಾಗಿದೆ ಎಂದು ಅಲ್ಲಿ ಕ್ರೆಡಿಟ್ ಕಾರ್ಡಿನಲ್ಲಿಯೋ ವೈಯಕ್ತಿಕ ಸಾಲವಾಗಿಯೋ ದಿರ್ಹಮ್ ಎತ್ತಿ ಇಲ್ಲಿ ಠೇವಣಿ ಇಡುವುದು. ಸಾಲ ತೀರಿಸಬೇಕಾದದ್ದು ದಿರ್ಹಮಿನಲ್ಲಿ, ಕೈಯಲ್ಲಿರುವುದು ಸವೆಯುತ್ತಿರುವ ರೂಪಾಯಿ. ಇದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡ.

ಹಾಗಾದರೆ ವಿನಿಮಯ ದರದ ಚಿಂತೆ ನಿನಗೆ ಬೇಡವೇ ಬೇಡವೇ ಎಂದರೆ, ಒಂದು ಕಡೆ ಬೇಕು. ನಿನ್ನ ಮುಂದಿನ ದೊಡ್ಡ ಖರ್ಚು ಯಾವ ಹಣದಲ್ಲಿ ಬರುತ್ತದೆ ಎಂದು ನೋಡಿಕೊ. ಹೆಂಡತಿ, ತಂದೆತಾಯಿ, ಸಾಲದ ಕಂತು ಎಲ್ಲವೂ ಕುಂದಾಪುರದಲ್ಲಿವೆ, ಅವಕ್ಕೆ ಬೇಕಾದದ್ದು ರೂಪಾಯಿ, ಅನಿವಾಸಿಗಳು ಹೊರಗಿನ ದುಡಿಮೆಯನ್ನು ರೂಪಾಯಿಯಲ್ಲಿಡುವ ಎನ್‌ಆರ್‌ಇ ಖಾತೆಯೇ ಸರಿ. ಅದರ ಠೇವಣಿಯ ಬಡ್ಡಿಗೆ ನೀನು ಅನಿವಾಸಿಯಾಗಿರುವವರೆಗೆ ಇಲ್ಲಿ ತೆರಿಗೆಯಿಲ್ಲ. ಆದರೆ ಮಗಳನ್ನು ಮುಂದೆ ಅಮೆರಿಕದಲ್ಲಿ ಓದಿಸುವ ಆಲೋಚನೆಯಿದೆ ಎಂದಿದ್ದೆಯಲ್ಲ, ಆ ಹಣವನ್ನು ರೂಪಾಯಿ ಮಾಡಿ ಇಟ್ಟು ಮತ್ತೆ ಡಾಲರ್ ಮಾಡುವುದು ಎರಡು ಸಲ ಮಾರ್ಜಿನ್ ಕೊಟ್ಟು ನಡುವೆ ಸವಕಳಿಯನ್ನೂ ಹೊತ್ತಂತೆ. ಅದಕ್ಕೆ ಎಫ್‌ಸಿಎನ್‌ಆರ್ ಠೇವಣಿಯಿದೆ. ಒಂದರಿಂದ ಐದು ವರ್ಷದವರೆಗೆ ಡಾಲರಿನಲ್ಲೇ ಇಟ್ಟು ಡಾಲರಿನಲ್ಲೇ ಹಿಂಪಡೆಯಬಹುದು, ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿರುವುದರಿಂದ ಅಲ್ಲಿಂದ ಡಾಲರಿಗೆ ಬದಲಾಯಿಸುವಾಗ ಮಾರ್ಜಿನ್ ಬಿಟ್ಟರೆ ದರದ ಭಯವಿಲ್ಲ. ನೀನು ಅವಧಿಗೆ ಮುಂಚೆಯೇ ಊರಿಗೆ ಮರಳಿದರೂ ಆ ಠೇವಣಿ ಒಪ್ಪಿದ ಬಡ್ಡಿಯಲ್ಲೇ ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ.

ಆದ್ದರಿಂದ ಈ ತಿಂಗಳ ಹಣವನ್ನು ಸಂಬಳ ಬಂದ ವಾರದಲ್ಲೇ ಕಳಿಸಿಬಿಡು. ಮಗಳ ಓದಿಗೆಂದು ಎಷ್ಟು ಬೇರೆ ತೆಗೆದಿಡಬಲ್ಲೆ ಎಂಬುದನ್ನು ತಿಳಿಸು, ಯಾವ ಬ್ಯಾಂಕು ಡಾಲರ್ ಠೇವಣಿಗೆ ಈಗ ಎಷ್ಟು ಬಡ್ಡಿ ಕೊಡುತ್ತಿದೆ ಎಂದು ವಿಚಾರಿಸಿ ಬರೆಯುತ್ತೇನೆ.

ಇಂತಿ ನಿನ್ನ,
ಗಣಪತಿ