ಕೆನ್‌ವುಡ್ ಮನೆಯ ಇಬ್ಬರು ಹುಡುಗಿಯರು

ಪ್ರಿಯ ಗೆಳೆಯ,

ನಾನು ಕಳುಹಿಸಿದ ಚಿತ್ರವನ್ನು ನೋಡಿ, ಎಡಗಡೆಯ ಕಪ್ಪು ಹುಡುಗಿ ಸೇವಕಿಯೇ ಎಂದು ನೀನು ಕೇಳಿದ್ದೆ. ಅಲ್ಲ, ಅವಳು ಕೆನ್‌ವುಡ್ ಮನೆಯ ಯಜಮಾನ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ನ ಸೋದರಳಿಯನ ಮಗಳು. ಹೆಸರು ಡೈಡೋ ಎಲಿಜಬೆತ್ ಬೆಲ್. ಪಕ್ಕದ ಎಲಿಜಬೆತ್ ಮರ್ರಿ ಅದೇ ಯಜಮಾನನ ಅಣ್ಣನ ಮೊಮ್ಮಗಳು. ಚಿತ್ರಕಾರ ಡೇವಿಡ್ ಮಾರ್ಟಿನ್ ಸುಮಾರು 1778ರಲ್ಲಿ ಇವರಿಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಚಿತ್ರಿಸಿದ.

ಡೈಡೋಳ ತಾಯಿ ಮರಿಯಾ ಬೆಲ್ ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಹೆಂಗಸು. ತಂದೆ ನೌಕಾಪಡೆಯ ಜಾನ್ ಲಿಂಡ್ಸೆ. ಈ ಲಿಂಡ್ಸೆಯೇ 1770ರ ಸುಮಾರಿಗೆ ಬ್ರಿಟಿಷ್ ರಾಜನ ಪ್ರತಿನಿಧಿಯಾಗಿ ಮದರಾಸಿಗೆ ಬಂದು, ಆರ್ಕಾಟಿನ ನವಾಬನ ಪರ ನಿಂತು, ಹೈದರಾಲಿಯ ವಿರುದ್ಧ ಮರಾಠರನ್ನು ಕೂಡಿಕೊಳ್ಳುವಂತೆ ಈಸ್ಟ್ ಇಂಡಿಯಾ ಕಂಪನಿಯವರನ್ನು ಒತ್ತಾಯಿಸಿದವನು. ಮಗಳು ಮಾತ್ರ ಲಂಡನ್ನಿನ ಹೊರವಲಯದ ಕೆನ್‌ವುಡ್‌ನಲ್ಲಿ, ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ನ ಆಶ್ರಯದಲ್ಲಿ, ತಾಯಿಯನ್ನು ಕಳೆದುಕೊಂಡಿದ್ದ ಎಲಿಜಬೆತ್‌ಳ ಜೊತೆಯಲ್ಲಿ ಬೆಳೆದಳು.

ನಿನ್ನ ಪ್ರಶ್ನೆ ತಪ್ಪಲ್ಲ. ಚಿತ್ರವೇ ಆ ಗೊಂದಲವನ್ನು ಹುಟ್ಟಿಸುತ್ತದೆ. ಎಲಿಜಬೆತ್ ಕೈಯಲ್ಲಿ ಪುಸ್ತಕವಿದೆ, ಡೈಡೋಳ ಕೈಯಲ್ಲಿ ಹಣ್ಣುಗಳಿವೆ, ತಲೆಯ ಮೇಲೆ ಗರಿ ಸಿಕ್ಕಿಸಿದ ಪೇಟವಿದೆ. ಆದರೆ ಆಳುಗಳಿಗೆ ಸಿಗದ ಬಿಳಿಯ ಸ್ಯಾಟಿನ್ ಉಡುಪು, ಕೊರಳಲ್ಲಿ ಮುತ್ತಿನ ಸರ. ಬೆರಳನ್ನು ತನ್ನ ಕೆನ್ನೆಯತ್ತ ತೋರಿಸುತ್ತ, ನಗುತ್ತ, ನೇರವಾಗಿ ನಮ್ಮನ್ನೇ ನೋಡುತ್ತಾಳೆ. ಎಲಿಜಬೆತ್‌ಳ ಕೈ ಅವಳ ತೋಳಿನ ಮೇಲಿದೆ. ನನ್ನ ಕಣ್ಣು ಪ್ರತಿ ಸಲವೂ ಆ ಕೈಯಲ್ಲೇ ನಿಲ್ಲುತ್ತದೆ.

ಮನೆಯೊಳಗಿನ ಸ್ಥಿತಿಯೂ ಹೀಗೆಯೇ ಇತ್ತು. 1779ರಲ್ಲಿ ಅಲ್ಲಿ ಊಟಕ್ಕೆ ಹೋಗಿದ್ದ, ಅಮೆರಿಕದ ಮ್ಯಾಸಚೂಸೆಟ್ಸಿನ ಮಾಜಿ ಗವರ್ನರ್ ಥಾಮಸ್ ಹಚಿನ್ಸನ್ ತನ್ನ ದಿನಚರಿಯಲ್ಲಿ, ಡೈಡೋ ಊಟ ಮುಗಿದ ಮೇಲಷ್ಟೇ ಬಂದು ಹೆಂಗಸರ ಜೊತೆ ಕುಳಿತಳೆಂದೂ, ಆಮೇಲೆ ತೋಟದಲ್ಲಿ ಅವರಲ್ಲೊಬ್ಬಳ ತೋಳು ಹಿಡಿದು ನಡೆದಳೆಂದೂ ಬರೆದಿದ್ದಾನೆ. ಹಾಲು, ಕೋಳಿಗಳ ಉಸ್ತುವಾರಿ ಅವಳದಾಗಿತ್ತು.

ಗುಲಾಮನನ್ನು ಬಲವಂತವಾಗಿ ಇಂಗ್ಲೆಂಡಿನಿಂದ ಹೊರಗೆ ಸಾಗಿಸುವಂತಿಲ್ಲ ಎಂದು 1772ರ ಸಾಮರ್ಸೆಟ್ ಪ್ರಕರಣದಲ್ಲಿ ತೀರ್ಪಿತ್ತವನು ಇದೇ ಮ್ಯಾನ್ಸ್‌ಫೀಲ್ಡ್. ಆದರೂ ಗುಲಾಮಗಿರಿಯನ್ನು ಆ ತೀರ್ಪು ಅಳಿಸಲಿಲ್ಲ. ಅದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು. ತನ್ನ ಉಯಿಲಿನಲ್ಲಿ ಡೈಡೋಳಿಗೆ 500 ಪೌಂಡ್ ಹಾಗೂ ವರ್ಷಕ್ಕೆ 100 ಪೌಂಡ್ ಬಿಟ್ಟುಹೋದದ್ದಲ್ಲದೆ, ಅವಳು ಸ್ವತಂತ್ರಳೆಂಬುದನ್ನೂ ದೃಢಪಡಿಸಿ ಬರೆದಿಟ್ಟ. ಸ್ವಂತ ಮನೆಯಲ್ಲಿ ಬೆಳೆದ ಹುಡುಗಿಗೂ ಆ ಮಾತು ಕಾಗದದ ಮೇಲೆ ಬೇಕಾಗಿತ್ತು.

ಅವನು ತೀರಿಕೊಂಡ 1793ರಲ್ಲೇ ಡೈಡೋಳ ಮದುವೆಯಾಯಿತು. ಚಿತ್ರವೀಗ ಸ್ಕಾಟ್‌ಲೆಂಡಿನ ಸ್ಕೂನ್ ಅರಮನೆಯಲ್ಲಿದೆ. ಇನ್ನೊಮ್ಮೆ ತೆರೆದು, ಈ ಸಲ ಅವಳ ಮುಖದಿಂದಲೇ ನೋಡಲು ಶುರುಮಾಡು.

ನಿನ್ನ ಗೆಳೆಯ