ಸನ್ನದು ಕೈಗೆ ಬಂತು, ಎಲಿಯಾಸ್ ಅವರಿಗೂ ಒಂದು ನಮಸ್ಕಾರ

ಕಳೆದ ವಾರ ವಕೀಲಿಕೆಯ ಸನ್ನದು ಕೈಗೆ ಬಂತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕಪತ್ರದ ಕೆಲಸ ಹೋದ ಮೇಲೆ, ನಲವತ್ತು ದಾಟಿದ ವಯಸ್ಸಲ್ಲಿ ನಾನು ಕಾಲೇಜಿಗೆ ಹೊರಟಾಗ ಎದುರು ಮಾತಾಡದೆ ಮನೆ ನಡೆಸಿದವಳು ನನ್ನ ಹೆಂಡತಿ. ಅವಳ ಋಣ ತೀರಿಸೋಕೆ ಆಗಲ್ಲ. ನೋಟ್ಸ್ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ ಕ್ಲಾಸಿನ ಮಕ್ಕಳನ್ನೂ ಮರೆಯಲಾರೆ.

ಇನ್ನೊಬ್ಬರಿದ್ದಾರೆ. ಅಂತರರಾಷ್ಟ್ರೀಯ ಕಾನೂನಿನ ಮೇಷ್ಟ್ರು ಪರಿಚಯಿಸಿದವರು, ನೈಜೀರಿಯಾದ ಮುಖ್ಯ ನ್ಯಾಯಮೂರ್ತಿಯಾಗಿದ್ದ ತಸ್ಲಿಮ್ ಒಲವಾಲೆ ಎಲಿಯಾಸ್. 1914ರಲ್ಲಿ ಲಾಗೋಸ್‌ನಲ್ಲಿ ಹುಟ್ಟಿದವರು. ರೈಲ್ವೆಯ ಲೆಕ್ಕಪತ್ರ ಕಚೇರಿಯಲ್ಲಿ ದುಡಿಯುತ್ತಲೇ ಲಂಡನ್ ವಿಶ್ವವಿದ್ಯಾಲಯಕ್ಕೆ ಹೊರಗಿನಿಂದ ಓದಿದರು. ಆಮೇಲೆ ಲಂಡನ್‌ಗೇ ಹೋಗಿ 1949ರಲ್ಲಿ ಕಾನೂನಿನಲ್ಲಿ ಪಿಎಚ್‌.ಡಿ. ಪಡೆದರು. 1960ರಲ್ಲಿ ದೇಶ ಸ್ವತಂತ್ರವಾದಾಗ ಅವರೇ ಅಟಾರ್ನಿ ಜನರಲ್.

ನನಗೆ ಜಾಸ್ತಿ ಇಷ್ಟವಾದದ್ದು ವಿಯೆನ್ನಾದ ಕಥೆ. ದೇಶಗಳ ನಡುವಿನ ಒಪ್ಪಂದಗಳಿಗೆ ನಿಯಮ ಮಾಡೋಕೆ 1968 ಮತ್ತು 1969ರಲ್ಲಿ ಅಲ್ಲಿ ಸಮ್ಮೇಳನ ನಡೆಯಿತು. ಒಂದು ದೇಶ 'ಈ ಒಪ್ಪಂದ ಅಸಿಂಧು' ಅಂದರೆ ತೀರ್ಮಾನ ಮಾಡೋರು ಯಾರು? ಈ ಒಂದು ಪ್ರಶ್ನೆಗೆ ಸಮ್ಮೇಳನವೇ ಮುರಿದು ಬೀಳುವ ಹಾಗಿತ್ತು. ಯಾರೂ ಮೀರಬಾರದ ಮೂಲ ನಿಯಮಗಳ ಜಗಳ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಲಿ, ಉಳಿದವು ರಾಜಿ ಆಯೋಗಕ್ಕೆ ಹೋಗಲಿ ಅಂತ ಕೊನೆಗೆ ಒಂದು ದಾರಿ ಸಿಕ್ಕಿತು. ಅದನ್ನು ಹೊಂದಿಸಿದ್ದರಲ್ಲಿ ಎಲಿಯಾಸ್ ಪಾಲು ದೊಡ್ಡದು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು, ಖುಷಿಯಿಂದ ಬರೆದೆ.

ಅವರ ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಸೇನಾ ಸರ್ಕಾರಕ್ಕೂ ಅವರು ಅಟಾರ್ನಿ ಜನರಲ್ ಆಗಿದ್ದರು. ಆ ಮಾತು ಇನ್ನೂ ಮನಸ್ಸಿಗೆ ಕೂತಿಲ್ಲ. 1972ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. 1975ರ ಜುಲೈನಲ್ಲಿ ಸೈನ್ಯದವರೇ ಆ ಸೇನಾ ಸರ್ಕಾರದ ಮುಖ್ಯಸ್ಥ ಗೋವೋನ್ ಅವರನ್ನು ಉರುಳಿಸಿದರು, ಎಲಿಯಾಸ್ ಕೆಲಸವೂ ಹೋಯಿತು. ಅವರು ಸುಮ್ನೆ ಕೂರಲಿಲ್ಲ. ಅದೇ ವರ್ಷ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾದರು. 1982ರಲ್ಲಿ ಅದರ ಅಧ್ಯಕ್ಷರಾದರು, ಆಫ್ರಿಕಾದಿಂದ ಮೊದಲನೆಯವರು. 1985ರಲ್ಲಿ ಅವರ ನಂತರ ಅಧ್ಯಕ್ಷರಾದವರು ನಮ್ಮ ನಾಗೇಂದ್ರ ಸಿಂಗ್. ಕೆಲಸ ಕಳಕೊಂಡು ಮನೆಯಲ್ಲಿದ್ದ ನನಗೆ ಈ ಕಥೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳೋಕೆ ಬರಲ್ಲ. ಎಲಿಯಾಸ್ 1991ರಲ್ಲೇ ತೀರಿಕೊಂಡರು. ಈ ನಮಸ್ಕಾರ ಅವರಿಗೆ ತಲುಪಲ್ಲ, ಆದರೂ ಹೇಳಲೇಬೇಕಿತ್ತು.

ಅವರನ್ನು ಪರಿಚಯಿಸಿದ ಮೇಷ್ಟ್ರಿಗೂ, ಹಳೇ ತೀರ್ಪುಗಳನ್ನು ಹುಡುಕಿಕೊಟ್ಟ ಲೈಬ್ರರಿಯವರಿಗೂ ಕೈಮುಗಿಯುತ್ತೇನೆ. ಒಂದು ಕೋರಿಕೆಯೂ ಇದೆ. 1956ರಲ್ಲಿ ಎಲಿಯಾಸ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದರು. ಆಗ ಅಲ್ಲಿ ಓದಿದ ಕನ್ನಡಿಗರು ಅಥವಾ ಅವರ ಮನೆಯವರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅವರ ಪಾಠ ಹೇಗಿತ್ತು ಅಂತ ಕೇಳಬೇಕು.